ಇಪ್ಪತ್ತೆರಡು ಮನೆಗೆ ಒಂದೇ ನಂಬರು

ಕಲ್ಲುಹುಡಿಯ ಗುಡ್ಡೆಯ ನೆತ್ತಿಯಲ್ಲಿ ಒಂದು ಮೊಳ ಅಗಲದ ಜಾಗವಿತ್ತು. ಅಲ್ಲಿ ನಿಂತರೆ ಮಾತ್ರ ಟ್ಯಾಬಿಗೆ ಸಿಗ್ನಲ್ಲು. ಎಡಕ್ಕೊಂದು ಹೆಜ್ಜೆ ಸರಿದರೆ ದನಿ ಕತ್ತರಿಸಿ ಕತ್ತರಿಸಿ ಬರುತ್ತಿತ್ತು. ಬಲಕ್ಕೆ ಸರಿದರೆ ಹುಡಿ ಜಾರಿ ಆಳೇ ಕೆಳಗೆ ಹೋಗುತ್ತಿತ್ತು. ಬೆಳಿಗ್ಗೆ ಎಂಟಕ್ಕೆ, ಮನೆಮನೆಯ ಲೆಕ್ಕ ಬರೆಯುವ ಸರ್ವೆಯಕ್ಕ ಆ ಜಾಗದಲ್ಲಿ ಕಾಲೂರಿದರೆ ಬಿಸಿಲು ನೆತ್ತಿಗೇರುವವರೆಗೆ ಇಳಿಯುವಂತಿರಲಿಲ್ಲ. ಕಿವಿಗೆ ಆಫೀಸಿನವರು ಕಳಿಸಿದ ಹೆಡ್‌ಫೋನು. ಕೈಯಲ್ಲಿ ಆಫೀಸಿನ ಟ್ಯಾಬು. ಮೂಗಿನ ಮೇಲೆ ಮಾಸ್ಕು, ಅದರೊಳಗೆ ಬೆವರು.

ಅಲ್ಲಿಂದ ಇಡೀ ಕ್ವಾರಿ ಅಂಗೈ ಮೇಲೆ ಇಟ್ಟಂತೆ ಕಾಣುತ್ತಿತ್ತು. ಒಂದು ಕಡೆ ಹೊಂಡ. ಇನ್ನೊಂದು ಕಡೆ ಕೂಲಿಗಳ ಸಾಲುಮನೆ, ತಗಡಿನ ಮಾಡಿನ ಇಪ್ಪತ್ತೆರಡು ಕೋಣೆ. ನಡುವೆ ಮೇಸ್ತ್ರಿಯ ಶೆಡ್ಡು, ಅದರ ಮಾಡಿನ ಮೇಲೆ ಅವನ ಫೋನಿಗೆಂದೇ ನಿಲ್ಲಿಸಿದ ಆಂಟೆನಾ. ಶೆಡ್ಡಿನ ಮುಂದೆ ಹೆಂಗಸರು ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು ಜಲ್ಲಿ ಒಡೆಯುತ್ತಿದ್ದರು. ಊರೆಲ್ಲ ಬಾಗಿಲು ಹಾಕಿಕೊಂಡು ಎರಡು ತಿಂಗಳಾಗಿತ್ತು. ಕ್ವಾರಿ ಒಂದು ದಿನವೂ ನಿಂತಿರಲಿಲ್ಲ. ಎಲ್ಲೋ ರಸ್ತೆ ಆಗುತ್ತಿತ್ತು, ರಸ್ತೆಗೆ ಜಲ್ಲಿ ಬೇಕಿತ್ತು. ಜಲ್ಲಿಗೆ ರಜೆಯಿಲ್ಲ ಎಂದು ಸರ್ಕಾರದ ಕಾಗದವೇ ಬಂದಿತ್ತಂತೆ.

ಆವತ್ತಿನ ಮೊದಲ ಕರೆ ಬೊಚ್ಚಜ್ಜಿಗೆ. ಗುಡ್ಡೆಯ ಮೇಲೆ ಸರ್ವೆಯಕ್ಕ ಗುಂಡಿ ಒತ್ತಿದಳು. ಕೆಳಗೆ ಮೇಸ್ತ್ರಿಯ ಜೇಬಿನಲ್ಲಿ ಫೋನು ಕೂಗಿತು. ಅವನು ಅದನ್ನು ತೆಗೆದು, ಸ್ಪೀಕರಿಗೆ ಹಾಕಿ, ತೋಳು ಚಾಚಿ ಅಜ್ಜಿಯ ಮುಖದ ಮುಂದೆ ಹಿಡಿದ. ಅಜ್ಜಿ ಫೋನನ್ನು ನೋಡಲಿಲ್ಲ. ತಲೆಯೆತ್ತಿ ಗುಡ್ಡೆ ನೋಡಿದಳು.

"ಏನೇ, ಅಲ್ಲಿಂದ ಯಾತಕ್ಕೆ ಫೋನು? ಒಂದು ಕೂಗು ಹಾಕಿದ್ರೆ ನಂಗೆ ಕೇಳ್ಸಲ್ವಾ?"

ದನಿ ಎರಡು ಸಲ ಬಂತು. ಮೊದಲು ಗಾಳಿಯಲ್ಲಿ, ಆಮೇಲೆ ಹೆಡ್‌ಫೋನಿನಲ್ಲಿ.

"ಫೋನಲ್ಲೇ ಮಾತಾಡ್ಬೇಕು ಅಜ್ಜಿ. ರೆಕಾರ್ಡ್ ಆಗತ್ತೆ."

"ಆರು ವರ್ಷ ನನ್ನ ಒಲೆ ಮುಂದೆ ಕೂತು ಬರ್ಕೊಂಡೆ. ಈಗ ನನ್ನ ಕಂಡ್ರೆ ಹೇಸಿಗೆ ಬಂತಾ?"

"ರೋಗ ಅಲ್ವಾ ಅಜ್ಜಿ. ಹತ್ತಿರ ಹೋಗ್ಬಾರ್ದು, ಜನರ ಒಳ್ಳೇದಕ್ಕೇ ಅಂತ ಆಫೀಸಲ್ಲಿ ಹೇಳಿದಾರೆ."

"ಹಂಗಾದ್ರೆ ಈ ಮೇಸ್ತ್ರಿಗೂ ಸ್ವಲ್ಪ ಹೇಳ್ಸು ನಿಮ್ಮ ಆಫೀಸಿಂದ. ಒಬ್ಬರ ತೊಡೆ ಮೇಲೆ ಇನ್ನೊಬ್ಬರನ್ನ ಕೂರ್ಸಿದಾನೆ."

ಹೆಂಗಸರು ಕಿಸಕ್ಕನೆ ನಕ್ಕರು. ಮೇಸ್ತ್ರಿ ನಗಲಿಲ್ಲ. ಸರ್ವೆಯಕ್ಕ ಟ್ಯಾಬಿನಲ್ಲಿದ್ದುದನ್ನು ಇದ್ದ ಹಾಗೆ ಓದಿದಳು. ಒಂದಕ್ಷರ ಆಚೀಚೆ ಮಾಡುವಂತಿರಲಿಲ್ಲ.

"ಪ್ರಶ್ನೆ ಒಂದು. ನೀವು ಈಗ ಮಾತನಾಡುತ್ತಿರುವಾಗ ನಿಮ್ಮ ಅಕ್ಕಪಕ್ಕದಲ್ಲಿ ಬೇರೆ ಯಾರಾದರೂ ಇದ್ದಾರೆಯೇ?"

ಅಜ್ಜಿ ಮೇಸ್ತ್ರಿಯ ಮುಖ ನೋಡಿದಳು. ಮೇಸ್ತ್ರಿ ಅಡ್ಡಡ್ಡ ತಲೆಯಾಡಿಸಿದ.

"ಯಾರೂ ಇಲ್ಲ," ಎಂದಳು ಅಜ್ಜಿ. "ಫೋನು ತಾನೇ ಗಾಳೀಲಿ ನಿಂತ್ಕೊಂಡಿದೆ."

ಮೇಸ್ತ್ರಿ ಫೋನಿನ ಅಂಚಿನಿಂದ ಅಜ್ಜಿಯ ಭುಜಕ್ಕೆ ಒಂದು ತಟ್ಟಿದ. ಮೆಲ್ಲಗೇ ತಟ್ಟಿದ. ಗುಡ್ಡೆಯ ಮೇಲಿದ್ದವಳಿಗೆ ಅದು ಕಾಣಿಸಿತು. ರೆಕಾರ್ಡಿಗೆ ಕಾಣಿಸಲಿಲ್ಲ.

"ಯಾರೂ ಇಲ್ಲಮ್ಮ," ಎಂದಳು ಅಜ್ಜಿ ಮತ್ತೆ. ಈ ಸಲ ತಮಾಷೆಯಿರಲಿಲ್ಲ.

ಸರ್ವೆಯಕ್ಕ 'ಇಲ್ಲ' ಎಂಬುದರ ಮೇಲೆ ಬೆರಳು ಒತ್ತಿದಳು.

*

ಅವಳು ಹುಟ್ಟಿದ್ದು ಅದೇ ಸಾಲುಮನೆಯ ಕೊನೆಯ ಕೋಣೆಯಲ್ಲಿ. ಅಪ್ಪ ಅಮ್ಮ ಇಬ್ಬರೂ ಕಲ್ಲು ಒಡೆದು, ಎದೆಯೊಳಗೆ ಹುಡಿ ತುಂಬಿಕೊಂಡು ಹೋದವರು. ಅಣ್ಣ ಹಟ ಹಿಡಿದು ಅವಳನ್ನು ಶಾಲೆಗೆ ಕಳಿಸಿದ. ಸಾಲಿನಲ್ಲಿ ಹತ್ತನೇ ಕ್ಲಾಸು ದಾಟಿದವಳು ಅವಳೊಬ್ಬಳೇ. ಆರು ವರ್ಷದ ಹಿಂದೆ ಕಡಲಾಚೆಯ ಒಂದು ದೊಡ್ಡ ಸಂಸ್ಥೆ ಈ ಸೀಮೆಯಲ್ಲಿ ಬಡವರ ಅಧ್ಯಯನ ಶುರುಮಾಡಿದಾಗ ಊರಿನ ಓದಿದ ಹುಡುಗಿಯರು ಕೆಲಸಕ್ಕೆ ಸೇರಿದರು. ಆದರೆ ಕ್ವಾರಿ ಸಾಲಿನ ಹೊಸ್ತಿಲು ದಾಟಲು ಒಬ್ಬಳೂ ಒಪ್ಪಲಿಲ್ಲ. ಕ್ವಾರಿಯವರ ಮನೆಯಲ್ಲಿ ನೀರು ಸಹ ಮುಟ್ಟದ ಜನ ಅವರು. ಹಾಗಾಗಿ ಆ ಕೆಲಸ ಇವಳ ಪಾಲಿಗೆ ಬಂತು.

ಮೈ ಮುರಿಯುವ ಕೆಲಸ. ಮಕ್ಕಳ ಎತ್ತರ ಅಳೆಯುವ ಮರದ ಹಲಗೆ ಬೆನ್ನ ಮೇಲೆ, ತೂಕದ ಯಂತ್ರ ಕಂಕುಳಲ್ಲಿ. ಕ್ವಾರಿಯಷ್ಟೇ ಅಲ್ಲ, ಸುತ್ತಲಿನ ನಾಲ್ಕು ಕೂಲಿ ಸಾಲುಗಳು ಅವಳವೇ. ನಡೆದು ನಡೆದು ಹಿಮ್ಮಡಿ ಒಡೆದಿತ್ತು. ಆದರೆ ಕೆಲಸ ಕೈಗೆ ಹತ್ತಿತ್ತು. ನಿನ್ನೆ ಎಷ್ಟು ಹೊತ್ತು ಊಟ ಮಾಡಿದಿರಿ ಎಂದು ಕೇಳುವಾಗ ಬಾಯಿ ಪ್ರಶ್ನೆ ಓದುತ್ತಿತ್ತು, ಕಣ್ಣು ಒಲೆಯ ಬೂದಿ ನೋಡುತ್ತಿತ್ತು. ಮಾನಕ್ಕಂಜಿ ಮೂರು ಹೊತ್ತು ಎಂದವರ ಎದುರು ಸುಮ್ಮನೆ ಕೂತಿರುತ್ತಿದ್ದಳು. ಸ್ವಲ್ಪ ಹೊತ್ತಿಗೆ ಅವರೇ, "ಎರಡು ಅಂತ ಬರ್ಕೋ," ಎನ್ನುತ್ತಿದ್ದರು. ಇನ್ನೂ ಸ್ವಲ್ಪ ಕೂತರೆ ಅದು ಒಂದಾಗುತ್ತಿತ್ತು. ಕೂತುಕೊಳ್ಳುವುದೇ ಅವಳ ವಿದ್ಯೆ. ವರ್ಷಕ್ಕೊಮ್ಮೆ ಬರುತ್ತಿದ್ದ ದೊಡ್ಡ ಮೇಡಂ ನೆಲದ ಮೇಲೆ ಮಂಡಿ ಮಡಚಿ ಕೂತು ಇದನ್ನೆಲ್ಲ ನೋಡಿ, ದುಭಾಷಿಯ ಬಾಯಲ್ಲಿ, "ನಿನ್ನಿಂದ ನಾನು ಕಲಿಯುತ್ತಿದ್ದೇನೆ," ಎಂದಿದ್ದಳು. ಕಲಿತದ್ದನ್ನು ಪುಸ್ತಕದಲ್ಲಿ ಬರೆದುಕೊಂಡು ವಿಮಾನ ಹತ್ತಿದ್ದಳು.

ಆಮೇಲೆ ರೋಗ ಬಂತು. ವಿಮಾನ ನಿಂತವು. ನಗರದ ಆಫೀಸಿಗೆ ಬೀಗ ಬಿತ್ತು. ಇನ್ನು ಮೇಲೆ ಯಾರೂ ಯಾರ ಮನೆಗೂ ಹೋಗಬಾರದು, ಎಲ್ಲ ಫೋನಿನಲ್ಲೇ ಎಂದು ತೀರ್ಮಾನವಾಯಿತು. ತರಬೇತಿಯೂ ಟ್ಯಾಬಿನ ಪರದೆಯಲ್ಲೇ ನಡೆಯಿತು. ಪ್ರಶ್ನೆಯನ್ನು ಬರೆದಂತೆ ಓದಬೇಕು. ಸಮಾಧಾನ ಹೇಳಬಾರದು. ಕೇಳಿದ್ದನ್ನು ಮಾತ್ರ ಬರೆಯಬೇಕು. ಪ್ರತಿ ಕರೆಯೂ ರೆಕಾರ್ಡಾಗುತ್ತದೆ, ನಗರದಲ್ಲಿ ಕಿವಿಗೊಟ್ಟು ಕೇಳುವವರಿದ್ದಾರೆ. ಅದರ ಜೊತೆಗೆ ಒಂದು ಒಳ್ಳೆಯ ಮಾತೂ ಇತ್ತು. ಒಂದೇ ಕಡೆ ಮೂರು ಮನೆಯವರು ಜ್ವರ, ಕೆಮ್ಮು, ಉಬ್ಬಸ ಇದೆ ಎಂದರೆ ಟ್ಯಾಬು ತಾನಾಗಿ ಕೆಂಪು ಗುರುತು ಹಾಕುತ್ತದೆ. ಎರಡು ದಿನದಲ್ಲಿ ಸಂಸ್ಥೆಯ ಡಾಕ್ಟರ ವ್ಯಾನು ಆ ಜಾಗಕ್ಕೆ ಬರುತ್ತದೆ. ವ್ಯಾನಿನಲ್ಲಿ ಆಮ್ಲಜನಕದ ಸಿಲಿಂಡರೂ ಇರುತ್ತದೆ.

ಫೋನು ಎಂದಾಗ ಸರ್ವೆಯಕ್ಕನಿಗೆ ಮೊದಲು ನೆನಪಾಗಿದ್ದು ತಾನು ಬರೆದಿದ್ದ ನಂಬರು. ಮೊದಲ ವರ್ಷ ಟ್ಯಾಬಿನಲ್ಲಿ 'ಮನೆಯ ಫೋನ್ ಸಂಖ್ಯೆ' ಎಂಬ ಒಂದು ಕಾಲಂ ಇತ್ತು. ಅದನ್ನು ತುಂಬದೆ ಫಾರಂ ಮುಂದಕ್ಕೆ ಹೋಗುತ್ತಿರಲಿಲ್ಲ. ಇಡೀ ಸಾಲಿನಲ್ಲಿ ಯಾರ ಹತ್ತಿರವೂ ಫೋನಿರಲಿಲ್ಲ. ಸಂಜೆಯೊಳಗೆ ಇಪ್ಪತ್ತೆರಡು ಫಾರಂ ಮುಗಿಸಬೇಕಿತ್ತು. ಅವಳಿಗೆ ಬಾಯಿಪಾಠವಿದ್ದ ನಂಬರು ಒಂದೇ, ಮೇಸ್ತ್ರಿಯದು. ಇಪ್ಪತ್ತೆರಡು ಮನೆಗೂ ಅದನ್ನೇ ಬರೆದಳು. ಯಾರು ಫೋನು ಮಾಡಿ ನೋಡುತ್ತಾರೆ ಎಂದುಕೊಂಡಿದ್ದಳು. ಇಷ್ಟು ವರ್ಷ ಯಾರೂ ಮಾಡಲಿಲ್ಲ. ಈಗ ಅವಳೇ ಮಾಡಬೇಕಾಗಿ ಬಂತು.

ನಂಬರು ಬದಲಿಸಿಕೊಡಿ ಎಂದು ಸೂಪರ್‌ವೈಸರಿಗೆ ಹೇಳಿ ನೋಡಿದಳು. ಅವನು ನಗರದ ಬಾಡಿಗೆ ಕೋಣೆಯಲ್ಲಿ ಕೂತು ಅವಳಂಥ ಮೂವತ್ತು ಜನರನ್ನು ಕಾಯುತ್ತಿದ್ದ.

"ಯಾವ ನಂಬರಿಗೆ ಬದಲಿಸ್ಲಿ?" ಎಂದ.

ಸಾಲಿನಲ್ಲಿ ಇವತ್ತಿಗೂ ಬೇರೆ ಫೋನಿರಲಿಲ್ಲ.

*

ಅತ್ತಿಗೆಗೆ ಜ್ವರ ಶುರುವಾಗಿದ್ದು ಒಂದು ಸೋಮವಾರ. ಅಣ್ಣ ಲಾರಿಯ ಜೊತೆ ಹೋದವನು ಎಲ್ಲೋ ಗಡಿಯಲ್ಲಿ ಸಿಕ್ಕಿಹಾಕಿಕೊಂಡಿದ್ದ. ಸರ್ವೆಯಕ್ಕನ ಕೋಣೆಗೂ ಅತ್ತಿಗೆಯ ಕೋಣೆಗೂ ನಡುವೆ ಒಂದೇ ಗೋಡೆ. ಗೋಡೆಯಾಚೆಯಿಂದ ಕೆಮ್ಮು ಬರುತ್ತಿತ್ತು. ಕಲ್ಲುಹುಡಿಯ ಕೆಮ್ಮು ಸರ್ವೆಯಕ್ಕನಿಗೆ ಹುಟ್ಟಿನಿಂದ ಗೊತ್ತು, ಅದು ಕೆರೆಯುವ ಕೆಮ್ಮು. ಇದು ಬೇರೆ. ಒಳಗೆ ಏನನ್ನೋ ಗರಗಸದಿಂದ ಕೊಯ್ದ ಹಾಗೆ. ಬುಧವಾರದ ಹೊತ್ತಿಗೆ ಅದೇ ಕೆಮ್ಮು ಇನ್ನೂ ಆರು ಕೋಣೆಗಳಿಂದ ಕೇಳಿಸತೊಡಗಿತು. ಯಾರೂ ಕೆಲಸ ಬಿಡಲಿಲ್ಲ. ಮೂರು ದಿನ ಹೊಂಡಕ್ಕೆ ಇಳಿಯದವರ ಕೋಣೆಗೆ ಬೇರೆಯವರು ಬರುತ್ತಾರೆ ಎಂಬುದು ಕ್ವಾರಿಯ ಕಾನೂನು. ರೋಗ ಒಳಗೆ ಬರಬಾರದೆಂದು ಮೇಸ್ತ್ರಿ ರಸ್ತೆಗೆ ಅಡ್ಡಗಂಬ ಬೇರೆ ಹಾಕಿಸಿದ್ದ. ಜಲ್ಲಿಯ ಲಾರಿ ಬಂದಾಗ ಮಾತ್ರ ಕಂಬ ಏಳುತ್ತಿತ್ತು.

ಗುರುವಾರ ಅತ್ತಿಗೆಯ ಸರದಿ. ಮೇಸ್ತ್ರಿ ಫೋನು ಹಿಡಿದ. ಅತ್ತಿಗೆ ಸುತ್ತಿಗೆ ತೊಡೆಯ ಮೇಲಿಟ್ಟುಕೊಂಡು ಕತ್ತು ಬಗ್ಗಿಸಿದಳು. ಅಕ್ಕಪಕ್ಕ ಯಾರೂ ಇಲ್ಲ ಎಂದಳು. ಮೂರು ಹೊತ್ತು ಊಟ ಎಂದಳು.

"ಪ್ರಶ್ನೆ ಹದಿನೇಳು. ಕಳೆದ ಹದಿನಾಲ್ಕು ದಿನಗಳಲ್ಲಿ ನಿಮ್ಮ ಮನೆಯಲ್ಲಿ ಯಾರಿಗಾದರೂ ಜ್ವರ, ಕೆಮ್ಮು ಅಥವಾ ಉಸಿರಾಟದ ತೊಂದರೆ ಕಾಣಿಸಿಕೊಂಡಿದೆಯೇ?"

"ಇಲ್ಲ," ಎಂದಳು ಅತ್ತಿಗೆ. ಮೇಸ್ತ್ರಿ ಕೂಡಲೇ ಫೋನಿನ ಬಾಯಿ ಮುಚ್ಚಿದ. ಅತ್ತಿಗೆ ಪಕ್ಕಕ್ಕೆ ಬಾಗಿ, ನೆಲಕ್ಕೆ ಕೈಯೂರಿ, ಮೈ ಪೂರಾ ಅಲುಗುವಂತೆ ಕೆಮ್ಮಿದಳು. ಅದು ಮುಗಿದ ಮೇಲೆ ಮೇಸ್ತ್ರಿ ಕೈ ತೆಗೆದ.

ಸಂಜೆ ಒಲೆಯ ಮುಂದೆ ಸರ್ವೆಯಕ್ಕ ಕೇಳಿಯೇಬಿಟ್ಟಳು. "ಯಾಕೆ ಅತ್ತಿಗೆ ಇಲ್ಲ ಅಂದೆ?"

"ಫೋನು ಯಾರ ಕೈಲಿತ್ತು?"

"ಹೂಂ ಅಂದಿದ್ರೆ ವ್ಯಾನು ಬರೋದು."

"ವ್ಯಾನು ಬಂದ್ರೆ ಕ್ವಾರಿ ಮುಚ್ತಾರೆ. ಮುಚ್ಚಿಸಿದೋಳು ಯಾರು ಅಂತ ಕೇಳ್ತಾರೆ. ನಿಮ್ಮಣ್ಣ ಬಂದಾಗ ಯಾವ ಮರದಡಿ ಹುಡುಕ್ಬೇಕು ನನ್ನ?" ಒಂದೊಂದು ಮಾತಿಗೂ ಅತ್ತಿಗೆ ಉಸಿರು ಹುಡುಕಿಕೊಳ್ಳುತ್ತಿದ್ದಳು. "ಪುಟ್ಟೀ, ನಂಗೆ ಜ್ವರ ಇರೋದು ನಿಂಗೆ ಗೊತ್ತಲ್ಲ. ಹಣೆ ಮುಟ್ಟಿ ನೋಡಿದೀಯಲ್ಲ. ನೀನೇ ಬರ್ಕೊಂಬಿಡು."

"ನಂಗೆ ಗೊತ್ತಿರೋದನ್ನ ಬರೆಯೋ ಹಾಗಿಲ್ಲ."

"ಮತ್ತೇನು ಬರೀತೀಯ?"

"ನೀನು ಹೇಳಿದ್ದು."

"ನಾನು ಹೇಳಿದ್ದು ಸುಳ್ಳು ಅಂತ ಗೊತ್ತಿದ್ದೂ?"

ಸರ್ವೆಯಕ್ಕ ಒಲೆಗೆ ಕಡ್ಡಿ ತುರುಕಿದಳು. ಅತ್ತಿಗೆ ನಗಲು ಹೋಗಿ ಕೆಮ್ಮಿದಳು. "ಒಳ್ಳೇ ಕೆಲಸ ನಿಂದು ತಾಯಿ. ನಾನು ಕಲ್ಲು ಒಡೆಯೋದೇ ವಾಸಿ."

*

ಶುಕ್ರವಾರ ಪರದೆಯ ಮೀಟಿಂಗು. ಗುಡ್ಡೆಯ ಮೇಲೆ ತಲೆಗೆ ಸೆರಗು ಹೊದ್ದು ನಿಂತು ಸರ್ವೆಯಕ್ಕ ನೋಡಿದಳು. ಇಪ್ಪತ್ತು ಮೂವತ್ತು ಚೌಕ, ಒಂದೊಂದರಲ್ಲಿ ಒಂದೊಂದು ಮುಖ. ದೊಡ್ಡ ಮೇಡಂ ತನ್ನ ಮನೆಯ ಕಿಟಕಿಯ ಪಕ್ಕ ಕೂತಿದ್ದಳು. ಹೊರಗೆ ಹಸಿರು ಹುಲ್ಲು. ಸಣಕಲಾಗಿದ್ದಳು, ಪಾಪ, ಅವಳ ಕಡೆಯೂ ಸಾವುಗಳಾಗುತ್ತಿದ್ದವು. ಅವಳು ಒಂದು ನಕ್ಷೆ ತೋರಿಸಿದಳು. ಜ್ವರ ಇದ್ದ ಜಾಗ ಕೆಂಪು, ಇಲ್ಲದ ಜಾಗ ಹಸಿರು. ಕ್ವಾರಿ ಸಾಲಿನ ಚುಕ್ಕಿ ಹಸಿರಿತ್ತು.

ಸೂಪರ್‌ವೈಸರ್ ಕನ್ನಡದಲ್ಲಿ ಹೇಳುತ್ತ ಹೋದ. "ಮೇಡಂಗೆ ಬಹಳ ಖುಷಿಯಾಗಿದೆ. ಬೇರೆ ಕಡೆ ನೂರರಲ್ಲಿ ನಲವತ್ತು ಜನಾನೂ ಫೋನ್ ಎತ್ತುತ್ತಿಲ್ಲ. ನೂರಕ್ಕೆ ನೂರು ಎತ್ತಿರೋದು ನಿಮ್ಮ ಕ್ವಾರಿ ಸಾಲೊಂದೇ. ಅಲ್ಲಿ ಜ್ವರಾನೂ ಇಲ್ಲ. ಬಯಲಲ್ಲಿ ಕೆಲಸ ಮಾಡೋದಕ್ಕೆ ಹಾಗಿರಬಹುದಾ ಅಂತ ಯೋಚನೆ ಮಾಡ್ತಿದಾರೆ. ಅದರ ಮೇಲೇ ಒಂದು ಲೇಖನ ಬರೀತಾರಂತೆ. ಏನಾದ್ರೂ ಹೇಳ್ತೀರಾ?"

ಅವಳು ಬಾಯಿ ತೆರೆದಳು. ಗಾಳಿ ಬೀಸಿತು. ಹೆಜ್ಜೆ ಜಾರಿ ಒಂದಿಂಚು ಎಡಕ್ಕೆ ಹೋಯಿತು. ಪರದೆಯಲ್ಲಿ ಎಲ್ಲರೂ ಕಲ್ಲಾದರು. ಅವಳು ಮತ್ತೆ ಜಾಗ ಹಿಡಿದು ನಿಲ್ಲುವಷ್ಟರಲ್ಲಿ ಬೇರೆ ಯಾರದೋ ಸರದಿ ನಡೆದಿತ್ತು.

ಮೀಟಿಂಗು ಮುಗಿದ ಮೇಲೆ ಸೂಪರ್‌ವೈಸರಿಗೆ ಕರೆ ಮಾಡಿ ಎಲ್ಲ ಹೇಳಿದಳು. ಮೇಸ್ತ್ರಿ, ಫೋನು, ಅಂಗೈಯಡಿ ಮುಚ್ಚಿದ ಕೆಮ್ಮು. ಅವನು ಕೇಳಿದ್ದು ಬೇರೆಯೇ.

"ನೀವು ಅವರ ಮನೆಗೆ ಹೋಗಿದ್ರಾ?"

"ನನ್ನ ಮನೆ ಅಲ್ಲೇ ಇದೆ ಸಾರ್."

"ಅದನ್ನ ನಾನು ಕೇಳಿಸ್ಕೊಂಡಿಲ್ಲ. ನೋಡಿ, ನಿಮ್ಮ ಕಣ್ಣಿಗೆ ಕಂಡಿದ್ದಕ್ಕೆ ಟ್ಯಾಬಲ್ಲಿ ಜಾಗ ಇಲ್ಲ. ಅವರು ಬಾಯಲ್ಲಿ ಏನು ಹೇಳಿದ್ರೋ ಅದೇ ಡೇಟಾ."

"ಹಂಗಾದ್ರೆ ನೀವೇ ಒಂದು ಮಾತು ಹೇಳಿ ವ್ಯಾನು ಕಳಿಸಿ."

"ನಾನು ಹೇಳಿದ್ರೆ ಬರಲ್ಲ. ಕೆಂಪು ಗುರುತು ಬಿದ್ರೆ ಬರುತ್ತೆ. ಇರೋದು ಒಂದೇ ವ್ಯಾನು ಕಣಮ್ಮ."

ಸರ್ಕಾರಿ ಆರೋಗ್ಯ ಕೇಂದ್ರಕ್ಕೂ ಕರೆ ಮಾಡಿದಳು. ಅಲ್ಲಿದ್ದವಳು ಒಬ್ಬಳೇ ನರ್ಸು. ಹಿಂದೆ ಯಾರೋ ನರಳುವುದು ಕೇಳಿಸುತ್ತಿತ್ತು. "ಕರ್ಕೊಂಡ್ ಬನ್ನಿ, ಗಾಡಿ ನಮ್ಮ ಹತ್ರ ಇಲ್ಲ," ಎಂದು ಇಟ್ಟಳು.

ಗುಡ್ಡೆಯ ನೆತ್ತಿಯಲ್ಲಿ ಅವಳು ಕುಕ್ಕರುಗಾಲಲ್ಲಿ ಕೂತಳು. ಟ್ಯಾಬಿನಲ್ಲಿ ಅತ್ತಿಗೆಯ ಫಾರಂ ತೆರೆದಳು. ಹದಿನೇಳನೇ ಪ್ರಶ್ನೆ. 'ಇಲ್ಲ'ದ ಮೇಲೆ ಹಸಿರು ಚುಕ್ಕಿ. ಬೆರಳಿಗೆ ಕಲ್ಲುಹುಡಿ ಮೆತ್ತಿತ್ತು, ಸೀರೆಗೆ ಒರೆಸಿಕೊಂಡಳು. 'ಹೌದು' ಒತ್ತಿದಳು. ಏಳು ಮನೆಗೂ ಒತ್ತಿದಳು. ಮೂರನೆಯದಕ್ಕೇ ಟ್ಯಾಬು ಕೆಂಪಾಯಿತು.

ಶನಿವಾರ ವ್ಯಾನು ಬರಲಿಲ್ಲ. ಭಾನುವಾರ ರಸ್ತೆಯ ಕಡೆ ನೋಡಿ ನೋಡಿ ಅವಳ ಕಣ್ಣು ಬತ್ತಿತು. ಲಾರಿ ಬಂದವು, ಹೋದವು. ಅತ್ತಿಗೆ ಭಾನುವಾರವೂ ಹೊಂಡದ ಅಂಚಿಗೆ ಬಂದು ಕೂತಳು. ಸುತ್ತಿಗೆ ಎತ್ತುತ್ತಿದ್ದಳು. ಕಲ್ಲು ಒಡೆಯುತ್ತಿರಲಿಲ್ಲ. ಅಜ್ಜಿ ತಾನು ಒಡೆದದ್ದನ್ನು ಕಾಲಿನಿಂದ ಒತ್ತರಿಸಿ ಅವಳ ರಾಶಿಗೆ ಸೇರಿಸುತ್ತಿದ್ದಳು. ಅತ್ತಿಗೆಯ ತುಟಿ ನೇರಳೆ ತಿಂದವರ ತುಟಿಯ ಹಾಗಾಗಿತ್ತು.

ಸೋಮವಾರ ವ್ಯಾನಿನ ಬದಲು ಸೂಪರ್‌ವೈಸರನ ಕರೆ ಬಂತು.

"ಏನಮ್ಮ ಮಾಡ್ಕೊಂಡ್ರಿ ಇದು? ಕೆಂಪು ಬಿದ್ದ ಫಾರಂಗಳನ್ನ ಮೊದಲು ಪೂರ್ತಿ ಕೇಳಿಸ್ಕೊಂಡೇ ವ್ಯಾನು ಬಿಡೋದು. ರೆಕಾರ್ಡಲ್ಲಿ ಏಳಕ್ಕೆ ಏಳೂ ಇಲ್ಲ ಅಂತಿದೆ. ಫಾರಂನಲ್ಲಿ ಹೌದು ಅಂತಿದೆ. ಇದಕ್ಕೆ ಏನಂತಾರೆ ಗೊತ್ತಾ? ಕಳ್ಳ ಫಾರಂ ಅಂತಾರೆ."

"ಫಾರಂ ಕಳ್ಳ ಅಲ್ಲ ಸಾರ್. ರೆಕಾರ್ಡು ಕಳ್ಳ."

"ಆರು ವರ್ಷದಲ್ಲಿ ನಿಮ್ಮ ಮೇಲೆ ಒಂದು ದೂರಿರಲಿಲ್ಲ. ಅದಕ್ಕೇ ಕಾಲು ಹಿಡಿದು ಒಂದು ಅವಕಾಶ ಕೇಳಿದೀನಿ. ನಾಳೆ ಏಳೂ ಮನೆಗೆ ಮತ್ತೆ ಫೋನ್ ಮಾಡಿ. ಅವರು ಹೇಳಿದ ಹಾಗೇ ಬರೆದು ಕಳಿಸಿ. ತಪ್ಪಾಯ್ತು ಅಂತ ನಿಮ್ಮ ದನೀಲಿ ಒಂದು ರೆಕಾರ್ಡ್ ಕಳಿಸಿ. ಇಲ್ಲಾಂದ್ರೆ ಟ್ಯಾಬು ಲಾಕ್ ಆಗುತ್ತೆ. ಆಮೇಲೆ ನಾನೂ ಉಳಿಯಲ್ಲ." ದನಿ ಸಣ್ಣದಾಯಿತು. "ನನಗೂ ಸಂಸಾರ ಇದೆಯಮ್ಮ."

*

ಮಂಗಳವಾರ ಎಂಟಕ್ಕೆ ಅವಳು ಗುಡ್ಡೆ ಹತ್ತಿದಳು. ಮೊದಲ ನಂಬರು ಅತ್ತಿಗೆಯದು. ಅಂದರೆ ಮೇಸ್ತ್ರಿಯದು. ಅವನು ಫೋನು ಹಿಡಿದ. ಅತ್ತಿಗೆಗೆ ಕೂರಲು ಆಗುತ್ತಿರಲಿಲ್ಲ. ಜಲ್ಲಿ ರಾಶಿಗೆ ಒರಗಿ ಕಾಲು ಚಾಚಿದ್ದಳು. ಮೇಸ್ತ್ರಿ ಬಗ್ಗಿ ಫೋನನ್ನು ಬಾಯಿಗೆ ಹತ್ತಿರ ಹಿಡಿದ.

"ಪ್ರಶ್ನೆ ಒಂದು. ನೀವು ಈಗ ಮಾತನಾಡುತ್ತಿರುವಾಗ..." ಅವಳು ಓದಿದಳು. ಉತ್ತರ ಬರಲಿಲ್ಲ. ಹೆಡ್‌ಫೋನಿನಲ್ಲಿ ಉಸಿರಷ್ಟೇ ಬಂತು. ಎಳೆದೆಳೆದು ಬರುವ, ಅರ್ಧಕ್ಕೆ ತುಂಡಾಗುವ ಉಸಿರು.

"ಇಲ್ಲ ಅನ್ನು," ಎಂದ ಮೇಸ್ತ್ರಿ. ಈ ಸಲ ಫೋನಿನ ಬಾಯಿ ಮುಚ್ಚಲು ಮರೆತಿದ್ದ. "ಇಲ್ಲ ಅನ್ನೇ. ಮುಂದಿನೋಳು ಕಾಯ್ತಿದಾಳೆ."

ಅತ್ತಿಗೆ ಫೋನಿನ ಕಡೆ ತಿರುಗಲಿಲ್ಲ. ಕತ್ತನ್ನು ಹೇಗೋ ಎತ್ತಿ ಗುಡ್ಡೆಯ ಮೇಲಕ್ಕೆ ನೋಡಿದಳು. ದೂರದಿಂದಲೂ ಅವಳ ಕಣ್ಣು ಕಾಣುತ್ತಿತ್ತು. ಅದರಲ್ಲಿ ಬೇಡಿಕೆಯಿರಲಿಲ್ಲ, ಬೈಗುಳವಿರಲಿಲ್ಲ. ಉತ್ತರ ಹೇಳುವಷ್ಟು ಉಸಿರು ಅವಳಲ್ಲಿರಲಿಲ್ಲ, ಅಷ್ಟೆ.

ಪ್ರಶ್ನೆ ಎರಡು ಪರದೆಯ ಮೇಲೆ ಬಂದು ನಿಂತಿತು. ಸರ್ವೆಯಕ್ಕ ಅದನ್ನು ಓದಲಿಲ್ಲ.

ಟ್ಯಾಬನ್ನು ಕಂಕುಳಲ್ಲಿಟ್ಟುಕೊಂಡು ಗುಡ್ಡೆ ಇಳಿಯತೊಡಗಿದಳು. ಇಳಿದಳು ಎನ್ನುವುದಕ್ಕಿಂತ ಜಾರಿದಳು. ಹುಡಿ ಮೊಣಕಾಲವರೆಗೆ ಹೂತಿತು. ಹೆಡ್‌ಫೋನು ಕಿತ್ತು ಎಲ್ಲೋ ಬಿತ್ತು. ಮಾಸ್ಕು ಗಲ್ಲಕ್ಕೆ ಇಳಿಯಿತು. ಮೊಣಕೈ ತರಚಿ ರಕ್ತ ಬಂತು. ಕೆಳಗೆ ಬಂದು ನಿಂತಾಗ ತಲೆಯಿಂದ ಕಾಲಿನವರೆಗೆ ಅವಳೂ ಕಲ್ಲು ಒಡೆಯುವವಳ ಹಾಗೇ ಬೆಳ್ಳಗಿದ್ದಳು.

"ಏ, ಇಲ್ಲೇನು ಕೆಲಸ ನಿಂಗೆ?" ಎಂದ ಮೇಸ್ತ್ರಿ. "ಮೇಲಿಂದ ಕೇಳು. ಹತ್ತಿರ ಬರ್ಬಾರ್ದು ಅಂತ ನಿಮ್ಮೋರೇ ಹೇಳಿಲ್ವಾ?"

"ಮೇಲಿಂದ ಕೇಳಿದ್ದು ಸಾಕು."

ಅವಳು ಅವನನ್ನು ದಾಟಿ ಅತ್ತಿಗೆಯ ಹಣೆ ಮುಟ್ಟಿದಳು. ಕಾದ ಕಲ್ಲು. ಅತ್ತಿಗೆಯ ಕಂಕುಳಿಗೆ ಕೈ ಹಾಕಿ ಎತ್ತಲು ನೋಡಿದಳು, ಆಗಲಿಲ್ಲ.

"ಎಲ್ಲಿಗೆ?"

"ಆಸ್ಪತ್ರೆಗೆ."

"ಕಂಬ ದಾಟಿ ಹೋದೋರು ವಾಪಸ್ ಒಳಗೆ ಬರಂಗಿಲ್ಲ. ನೀನಾಗಲಿ ಅವಳಾಗಲಿ. ಕೋಣೆ ಖಾಲಿ ಮಾಡಿಸ್ತೀನಿ. ಯೋಚನೆ ಮಾಡು."

"ಯೋಚನೆ ಮಾಡ್ತಾ ಎಂಟು ದಿನ ಗುಡ್ಡೆ ಮೇಲೆ ನಿಂತಿದ್ದೆ."

"ಜ್ವರ ಇಲ್ಲ ಅಂತ ಅವಳೇ ಹೇಳಿದಾಳೆ ಕಣೇ! ರೆಕಾರ್ಡಾಗಿದೆ!"

ಆ ಹೊತ್ತಿಗೆ ಅಜ್ಜಿಯ ಸುತ್ತಿಗೆ ನಿಂತಿತು. ಅವಳ ಪಕ್ಕದವಳದು ನಿಂತಿತು. ಒಂದೊಂದಾಗಿ ಸದ್ದು ಕಡಿಮೆಯಾಗುತ್ತ ಬಂದು ಕೊನೆಗೆ ಹೊಂಡದ ಆಚೆಯ ಯಂತ್ರದ ಗರಗರ ಮಾತ್ರ ಉಳಿಯಿತು. ಹುಟ್ಟಿದಾಗಿನಿಂದ ಸುತ್ತಿಗೆಯ ಸದ್ದಿನಲ್ಲೇ ಬೆಳೆದ ಸರ್ವೆಯಕ್ಕನಿಗೆ ಹಗಲು ಹೊತ್ತಿನಲ್ಲಿ ಅದಿಲ್ಲದ ಕ್ವಾರಿ ಹೇಗಿರುತ್ತದೆ ಎಂದೇ ಗೊತ್ತಿರಲಿಲ್ಲ.

"ನಿಂತ್ಕೊಂಡು ಏನು ನೋಡ್ತೀರೇ?" ಎಂದಳು ಅಜ್ಜಿ. "ತಳ್ಳುಗಾಡಿ ತನ್ನಿ."

ಕಲ್ಲು ಸಾಗಿಸುವ ತಳ್ಳುಗಾಡಿ ಬಂತು. ಖಾಲಿ ಗೋಣಿಚೀಲ ಹಾಸಿದರು. ನಾಲ್ವರು ಸೇರಿ ಅತ್ತಿಗೆಯನ್ನು ಎತ್ತಿ ಮಲಗಿಸಿದರು. ಕೆಮ್ಮುತ್ತಿದ್ದ ಬೇರೆ ಆರು ಮನೆಯವರಲ್ಲಿ ಮೂವರು ಎದ್ದು ಗಾಡಿಯ ಹಿಂದೆ ಬಂದರು. ಉಳಿದ ಮೂವರು ಏಳಲಿಲ್ಲ. ಒಬ್ಬಳು ಮುಖ ತಿರುಗಿಸಿಕೊಂಡು ಕಲ್ಲಿನ ಮೇಲೆ ಸುಮ್ಮನೆ ಕೈಯಾಡಿಸುತ್ತಿದ್ದಳು. ಅವಳ ಮಗು ಇನ್ನೂ ಮೊಲೆ ಕುಡಿಯುತ್ತಿತ್ತು. ಯಾರೂ ಅವಳನ್ನು ಏನೂ ಅನ್ನಲಿಲ್ಲ.

ಅಡ್ಡಗಂಬದ ಹತ್ತಿರ ಮೇಸ್ತ್ರಿ ಓಡಿಬಂದು ನಿಂತ. ಉದ್ದನೆಯ ಮರದ ಕಂಬ. ರಸ್ತೆಯಾಚೆಯ ತುದಿ ಕೊಕ್ಕೆಯಲ್ಲಿ ಕೂತಿತ್ತು. ಈಚೆ ತುದಿಗೆ ಭಾರಕ್ಕೆಂದು ಹಗ್ಗದಿಂದ ಕಲ್ಲು ಕಟ್ಟಿತ್ತು. ಲಾರಿ ಬಂದಾಗ ಇಬ್ಬರು ಗಂಡಾಳು ಆ ಕಲ್ಲಿಗೆ ಜೋತುಬಿದ್ದರೆ ಕಂಬ ಮೇಲೇಳುತ್ತಿತ್ತು.

"ನಾನು ತೆಗಿಯಲ್ಲ. ಯಾರು ತೆಗೀತೀರೋ ನೋಡ್ತೀನಿ."

"ನೀನು ನೋಡ್ತಾನೇ ಇರು ಮಗ," ಎಂದಳು ಅಜ್ಜಿ. ಸೀರೆಯ ನೆರಿಗೆ ಎತ್ತಿ ಕಟ್ಟಿ ಆ ಕಲ್ಲಿನ ಮೇಲೆ ಹತ್ತಿ ಕೂತೇಬಿಟ್ಟಳು. ಕಂಬ ಅಲುಗಿತು, ಏಳಲಿಲ್ಲ. "ಇದರ ಮನೆ ಹಾಳಾಗ, ನನ್ನಲ್ಲಿ ತೂಕ ಇದ್ರೆ ತಾನೆ! ಬಾರೇ ಇನ್ನೊಬ್ಬಳು!" ಇನ್ನೊಬ್ಬಳು ಬಂದು ಅಜ್ಜಿಯನ್ನು ತಬ್ಬಿಕೊಂಡು ಕೂತಳು. ಮತ್ತೊಬ್ಬಳು ಹಗ್ಗಕ್ಕೆ ಜೋತುಬಿದ್ದಳು. ಕಂಬ ಕಿರ್ರೆಂದು ಮೇಲೆದ್ದಿತು. ಮೇಸ್ತ್ರಿ ಅಜ್ಜಿಯ ತೋಳಿಗೆ ಕೈ ಹಾಕಲು ಹೋದ. ಅಜ್ಜಿ ಅವನ ಮುಖದ ನೇರಕ್ಕೆ ಬಾಯಿ ತೆರೆದು, ಎದೆಯ ಆಳದಿಂದ ಕೆಮ್ಮಿದಳು. ಅವನು ಎರಡು ಮಾರು ಹಿಂದಕ್ಕೆ ಹಾರಿದ.

ಗಾಡಿ ದಾಟಿತು. ಕಂಬ ಹಿಂದೆ ಧಡ್ಡನೆ ಬಿತ್ತು. ಅಜ್ಜಿ ಒಳಗೇ ಉಳಿದಳು.

ಆರೋಗ್ಯ ಕೇಂದ್ರಕ್ಕೆ ಒಂಬತ್ತು ಕಿಲೋಮೀಟರು. ರಸ್ತೆಯಲ್ಲಿ ನರಪಿಳ್ಳೆಯಿಲ್ಲ. ಕಬ್ಬಿಣದ ಚಕ್ರ ಟಾರಿನ ಮೇಲೆ ಕಿವಿ ಕೊರೆಯುತ್ತಿತ್ತು. ಸರ್ವೆಯಕ್ಕ ಹಿಡಿಕೆಯ ಒಂದು ಕಡೆ, ಇನ್ನೊಬ್ಬಳು ಒಂದು ಕಡೆ. ತಳ್ಳುವವರಿಗೂ ಜ್ವರವಿತ್ತು. ನೂರು ಹೆಜ್ಜೆಗೊಮ್ಮೆ ಕೈ ಬದಲಾಯಿಸುತ್ತಿದ್ದರು. ಸರ್ವೆಯಕ್ಕ ಮಾತ್ರ ಬದಲಾಯಿಸಲಿಲ್ಲ. ಅಂಗೈಯ ಚರ್ಮ ಎದ್ದು ಬಂದಿತ್ತು. ಮೂರನೇ ಕಿಲೋಮೀಟರಿನ ಹತ್ತಿರ ಸಿಗ್ನಲ್ಲು ಬಂತು. ಗೋಣಿಯ ಮೇಲೆ ಬಿಸಾಕಿದ್ದ ಟ್ಯಾಬು ಹೊಡೆದುಕೊಳ್ಳತೊಡಗಿತು. ಜೊತೆಯವಳು ಅದನ್ನು ಒತ್ತಿ ಅವಳ ಕಿವಿಯ ಹತ್ತಿರ ಹಿಡಿದಳು.

"ಏಳು ಫಾರಂ ಎಲ್ಲಮ್ಮ?" ಸೂಪರ್‌ವೈಸರ್. "ಒಂದು ಕರೆ ಅರ್ಧಕ್ಕೆ ನಿಂತಿದೆ ಅಂತ ತೋರಿಸ್ತಿದೆ. ಆ ತಪ್ಪೊಪ್ಪಿಗೆ ರೆಕಾರ್ಡ್ ಆದ್ರೂ ಈಗಲೇ ಕಳಿಸಿ. ಹತ್ತು ನಿಮಿಷ ಇದೆ."

"ಕಳಿಸಲ್ಲ ಸಾರ್."

"ಅಂದ್ರೆ?"

"ನಾನು ತಪ್ಪು ಬರೆದಿಲ್ಲ. ಬರೆದಿದ್ದನ್ನ ಅಳಿಸಲ್ಲ."

"ಅಯ್ಯೋ, ಹಟ ಮಾಡ್ಬೇಡಿ. ಕೆಲಸ ಹೋಗುತ್ತೆ. ಎಲ್ಲಿದೀರಾ ಈಗ? ಅದೇನು ಸದ್ದು?"

"ಗಾಡಿ ತಳ್ತಿದೀನಿ. ವ್ಯಾನು ಬರ್ಲಿಲ್ಲ ನೋಡಿ. ನಿಮ್ಮ ಮೇಡಂಗೆ ಹೇಳಿ, ಆ ನಕ್ಷೇಲಿ ನಮ್ಮ ಸಾಲಿಗೆ ಹಚ್ಚಿರೋ ಹಸಿರು ಒರೆಸ್ಬೇಕಂತೆ ಅಂತ. ಆಗಲ್ಲ ಅಂದ್ರೆ ಅವರೇ ಬಂದು ನೋಡ್ಲಿ. ಇನ್ನು ಇಡಿ ಸಾರ್. ಕೈ ಖಾಲಿ ಇಲ್ಲ."

ಜೊತೆಯವಳು ಟ್ಯಾಬನ್ನು ಮತ್ತೆ ಗೋಣಿಯ ಮೇಲೆ ಹಾಕಿದಳು. ಹತ್ತು ನಿಮಿಷಕ್ಕೆ ಅದರ ಬೆಳಕು ತಾನಾಗಿ ಆರಿತು.

ಅತ್ತಿಗೆ ಕಣ್ಣು ಬಿಟ್ಟಳು. ಆಕಾಶ ನೋಡಿದಳು, ಆಮೇಲೆ ತಲೆಯ ಮೇಲೆ ಬಗ್ಗಿದ್ದ ನಾದಿನಿಯ ಮುಖ ನೋಡಿದಳು. ತುಟಿ ಅಲುಗಿತು.

"ಇನ್ನೆಷ್ಟು ದೂರ ಪುಟ್ಟೀ?"

ಮೈಲಿಕಲ್ಲು ಆಗಷ್ಟೇ ಹಿಂದೆ ಸರಿದಿತ್ತು. ಇನ್ನೂ ಆರು ಎಂದಿತ್ತು. ಎದುರಿಗೆ ರಸ್ತೆ ತಿರುಗಿ ಏರು ಹತ್ತುತ್ತಿತ್ತು.

"ಬಂತು ಅತ್ತಿಗೆ. ಆ ತಿರುವು ದಾಟಿದ್ರೆ ಅಷ್ಟೆ."

ಅವಳು ಸೆರಗನ್ನು ಅಂಗೈಗೆ ಸುತ್ತಿಕೊಂಡು ಹಿಡಿಕೆಯನ್ನು ಎದೆಗೆ ಆನಿಸಿಕೊಂಡಳು. ನಾಲ್ವರೂ ಬಗ್ಗಿ ಗಾಡಿಯನ್ನು ಏರಿಗೆ ಒತ್ತಿದರು.